ಮಂಗಳವಾರ ನಿಲ್ಲುವ ಗಾಡಿ

ಮಾರ್ಚ್ ೩, ಮಂಗಳವಾರ

ಡೈರಿ ಬರೆಯುವ ಚಟ ನನಗಿಲ್ಲ. ಗ್ಯಾರೇಜಿನಲ್ಲಿ ಕೆಲಸದ ಪುಸ್ತಕ ಒಂದಿದೆ, ಅದರಲ್ಲಿ ಗಿರಾಕಿಗಳ ಗಾಡಿ ಮಾತ್ರ. ಅಕ್ಕನ ಗಾಡಿ ಗಿರಾಕಿಯದ್ದಲ್ಲ, ಮನೆಯದ್ದು. ಅದಕ್ಕೇ ಈ ಬೇರೆ ಪುಸ್ತಕ. ರೋಗ ಏನು ಅಂತ ಸಿಕ್ಕುವವರೆಗೆ ಬರೆಯುತ್ತೇನೆ, ಸಿಕ್ಕ ದಿನ ಮುಚ್ಚಿಡುತ್ತೇನೆ.

ಗಾಡಿ: ಇಪ್ಪತ್ತೆರಡು ವರ್ಷದ ಡೀಸೆಲ್ ಕಾರು. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಎಲ್ಲ ಕಬ್ಬಿಣ. ದೂರು: ಹೆದ್ದಾರಿಯಲ್ಲಿ ಮೂವತ್ತೈದು ನಲವತ್ತು ನಿಮಿಷ ಓಡಿದ ಮೇಲೆ ಎಳೆತ ಕಮ್ಮಿಯಾಗುತ್ತೆ, ಎರಡು ಸಲ ನಡುಗುತ್ತೆ, ನಿಂತುಬಿಡುತ್ತೆ. ಕಳೆದ ಮಂಗಳವಾರ ಒಂದು ಸಲ, ಇವತ್ತು ಒಂದು ಸಲ.

ಅಕ್ಕನಿಗೆ ಅರವತ್ತಮೂರು. ಭಾವನಿಗೆ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಆಸ್ಪತ್ರೆಗೆ ಐವತ್ತೈದು ನಿಮಿಷದ ದಾರಿ, ಎರಡು ವರ್ಷದಿಂದ ಅಕ್ಕನೇ ಓಡಿಸುತ್ತಿದ್ದಾಳೆ. ಹತ್ತು ಗಂಟೆಗೆ ಯಂತ್ರದ ಮುಂದೆ ಇರಬೇಕು. ತಡವಾದರೆ ಇನ್ನೊಬ್ಬರು ಮಲಗಿರುತ್ತಾರೆ, ಸರದಿ ಹೋದಂತೆ. ಇವತ್ತು ಹೋಯಿತು. ಭಾವ ಊದಿದ ಕಾಲಲ್ಲೇ ವಾಪಸ್ ಬಂದರು.

ಫೋನ್ ಬಂದ ತಕ್ಷಣ ಬೈಕ್ ಹತ್ತಿ ಹೋದೆ. ಗಾಡಿ ರಸ್ತೆ ಬದಿಗೆ ನಿಂತಿತ್ತು. ಅಕ್ಕ ಹೊರಗೆ ನಿಂತು ಬೆವರೊರೆಸಿಕೊಳ್ಳುತ್ತಿದ್ದಳು. ನನ್ನ ಪದ್ಧತಿಯಂತೆ ಮೊದಲು ಟ್ಯಾಂಕಿನ ಮುಚ್ಚಳದ ಬೀಗ ತೆಗೆದು, ಬಗ್ಗಿ ಡೀಸೆಲ್ ಮೂಸಿದೆ. ನನ್ನ ಗುರು ಹೇಳಿಕೊಟ್ಟದ್ದು: "ಡೀಸೆಲ್ ಗಾಡಿ ಹತ್ರ ಹೋದ್ರೆ ಮೊದಲು ಮೂಗು, ಆಮೇಲೆ ಕಿವಿ, ಕೊನೆಗೆ ಕೈ." ಸೀಮೆಎಣ್ಣೆ ಬೆರೆಸಿದ್ದರೆ ಮೂಗಿಗೆ ಗೊತ್ತಾಗುತ್ತೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ವಾಸನೆ ಸರಿಯಾಗಿತ್ತು. ಕೀ ತಿರುಗಿಸಿದೆ. ಒಂದೇ ಏಟಿಗೆ ಹತ್ತಿತು.

"ಅಯ್ಯೋ! ನಾನು ಹತ್ತು ಸಲ ತಿರುಗಿಸಿದೆ ಕಣೋ," ಅಂದಳು ಅಕ್ಕ.

"ಇರಲಿ ಬಿಡಕ್ಕ."

ಕಳೆದ ವಾರವೂ ಇದೇ ಕಥೆ. ನಾನು ಹೋದೆ, ಮೂಸಿದೆ, ಕೀ ತಿರುಗಿಸಿದೆ, ಹತ್ತಿತು. ನನ್ನ ಕೈ ಕಂಡರೆ ಗಾಡಿಗೆ ಭಯವೋ ಏನೋ.

ಮಾರ್ಚ್ ೪, ಬುಧವಾರ

ಗಾಡಿ ಗ್ಯಾರೇಜಿಗೆ ತಂದೆ. ಡೀಸೆಲ್ ಮೂಸಿದೆ, ಸರಿ. ಫಿಲ್ಟರ್ ಬದಲಿಸಿದೆ. ಹಳೆಯ ಫಿಲ್ಟರ್ ಕತ್ತರಿಸಿ ನೋಡಿದೆ, ಕಸವಿಲ್ಲ, ನೀರಿಲ್ಲ. ಪೈಪಿನ ಜಾಯಿಂಟ್ ಒಂದೊಂದೂ ಬಿಗಿ ಮಾಡಿ ಸೋಪುನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಒಂದು ಗಂಟೆ ನಿಂತಲ್ಲೇ ಓಡಿಸಿದೆ. ಹೊಲಿಗೆ ಯಂತ್ರದಂತೆ ಓಡಿತು.

ಪಂಪು ರಿಪೇರಿ ಮಾಡುವವನನ್ನು ಎದುರು ಶೆಡ್ಡಿನಿಂದ ಕರೆದೆ. ಅವನು ಕಿವಿ ಕೊಟ್ಟು ಕೇಳಿ, "ಪಂಪೂ ಇರಬಹುದು, ಪಂಪು ಅಲ್ಲದೆಯೂ ಇರಬಹುದು," ಅಂದ. ಅಡ್ಡಗೋಡೆ ಮೇಲೆ ದೀಪ ಇಡೋದರಲ್ಲಿ ಅವನನ್ನು ಮೀರಿಸುವವರಿಲ್ಲ. ಟೀ ಕುಡಿದು ಹೋದ.

ಮಾರ್ಚ್ ೫, ಗುರುವಾರ

ಅಕ್ಕನ ಜೊತೆ ಆಸ್ಪತ್ರೆಗೆ ಹೋದೆ, ಹಿಂದಿನ ಸೀಟಿನಲ್ಲಿ ಕೂತು. ಗಾಡಿ ನಿಲ್ಲಲಿಲ್ಲ, ನಡುಗಲೂ ಇಲ್ಲ.

ಅರ್ಧ ದಾರಿಯಲ್ಲಿ ಅಕ್ಕ ಹೇಳಿದಳು, "ನೀನು ಸುಮ್ನೆ ಬಂದೆ. ಇವತ್ತು ನಿಲ್ಲಲ್ಲ. ಟ್ಯಾಂಕ್ ಫುಲ್ ಇದ್ದಾಗ ಮಾತ್ರ ನಿಲ್ಲುತ್ತೆ. ಸೋಮವಾರ ಸಂಜೆ ಬಂಕಿಗೆ ಹೋಗಿ ತುಂಬಿಸ್ತೀನಿ, ಮಂಗಳವಾರ ನಿಲ್ಲುತ್ತೆ. ನಾನು ನೋಡಿದೀನಿ."

ನನಗೆ ನಗು ತಡೆಯಲಾಗಲಿಲ್ಲ. "ಅಂದ್ರೆ ಹೊಟ್ಟೆ ತುಂಬಿದ್ರೆ ಗಾಡಿಗೆ ನಿದ್ದೆ ಬರುತ್ತಾ ಅಕ್ಕ?"

ಅವಳು ನಗಲಿಲ್ಲ. ಎಲ್ಲಾದರೂ ಕೇಳಿದ್ದೀರಾ, ಡೀಸೆಲ್ ಕಮ್ಮಿಯಾಗಿ ಗಾಡಿ ನಿಲ್ಲುತ್ತೆ, ಹೆಚ್ಚಾಗಿ ನಿಲ್ಲುತ್ತಾ? (ಯಾರನ್ನು ಕೇಳುತ್ತಿದ್ದೇನೋ. ಈ ಪುಸ್ತಕ ಓದುವವನು ನಾನೊಬ್ಬನೇ.)

ಒಂದು ವಿಷಯ ಗಮನಿಸಿದೆ. ಅಕ್ಕ ಎಡಗಾಲನ್ನು ಕ್ಲಚ್ ಮೇಲೆಯೇ ಇಟ್ಟಿರುತ್ತಾಳೆ. ಬರೆದಿಟ್ಟಿದ್ದೇನೆ.

ಮಾರ್ಚ್ ೭, ಶನಿವಾರ

ಇವತ್ತೂ ಹೋದೆ. ನಿಲ್ಲಲಿಲ್ಲ.

ಸಂಜೆ ಅಕ್ಕನ ಮನೆಯಲ್ಲಿ ಅವಳ ಮಗ ಕಾಯುತ್ತಿದ್ದ. ಔಷಧಿ ಅಂಗಡಿ ಇಟ್ಟಿದ್ದಾನೆ, ಬುದ್ಧಿವಂತ, ಆದರೆ ಮಾತು ಚೀಟಿ ಹರಿದುಕೊಟ್ಟ ಹಾಗೆ. "ಮಾವ, ಹೋದ ತಿಂಗಳು ಅಮ್ಮ ಗ್ಯಾಸ್ ಹಚ್ಚಿ ಮರೆತಿದ್ರು. ಕೀ ಮರೆತು ಎರಡು ಸಲ ಬಾಗಿಲ ಹೊರಗೆ ನಿಂತಿದ್ರು. ಈಗ ಗಾಡಿ. ನೀವು ಬಂದ್ರೆ ಹತ್ತುತ್ತೆ, ಅವರು ತಿರುಗಿಸಿದ್ರೆ ಹತ್ತಲ್ಲ. ಕೆಟ್ಟಿರೋದು ಗಾಡಿನಾ, ಅಮ್ಮನಾ? ಗಾಡಿ ಮಾರಿಬಿಡೋಣ. ಅಲ್ಲೀವರೆಗೆ ಓಡಿಸೋಕೆ ಬಾಡಿಗೆಗೆ ಒಬ್ಬ ಡ್ರೈವರ್ ಇದಾನೆ."

"ನೆಗಡಿ ಬಂತೂಂತ ಮೂಗು ಕೊಯ್ಕೊಳ್ತಾರೇನೋ?" ಅಂದೆ. ಆದರೆ ಅವನ ಮಾತು ಸುಳ್ಳು ಅಂತ ಹೇಳಲು ನನ್ನ ಬಳಿ ಏನಿತ್ತು?

ಅಡಿಗೆಮನೆಯಿಂದ ಅಕ್ಕ ಬಂದಳು. ಕೈಯಲ್ಲಿ ಸೌಟು. "ನಿನ್ನ ತೀರ್ಪು ನನಗೆ ಬೇಡ," ಅಂದಳು ಮಗನಿಗೆ. ನನ್ನ ಕಡೆ ತಿರುಗಿದಳು. "ನೀನು ಹೇಳು ಪುಟ್ಟ. ಗಾಡೀಲಿ ಏನೂ ಇಲ್ಲ ಅಂತ ನೀನು ಅಂದ್ರೆ, ಆವತ್ತೇ ಕೀ ಇಟ್ಟುಬಿಡ್ತೀನಿ. ಇನ್ನೊಂದು ಸಲ ಮುಟ್ಟಲ್ಲ."

ಐವತ್ತಾರಾದರೂ ಅವಳಿಗೆ ನಾನು ಪುಟ್ಟ. ಭಾವ ಟಿವಿ ನೋಡುತ್ತಿದ್ದರು, ಅಥವಾ ನೋಡುವ ಹಾಗಿದ್ದರು.

ಮಾರ್ಚ್ ೧೦, ಮಂಗಳವಾರ

ಜೊತೆಗೆ ಹೋಗಬೇಕಿತ್ತು. ಲಾರಿಯ ಎಂಜಿನ್ ಇಳಿಸಿ ಕೂತಿದ್ದೆ, ಆಗಲಿಲ್ಲ. ಒಂಬತ್ತೂ ಮುಕ್ಕಾಲಿಗೆ ಫೋನ್. ಅದೇ ರಸ್ತೆ, ಉದ್ದ ಸೇತುವೆ ದಾಟಿದ ಮೇಲೆ. ಹೋದೆ. ಮೂಸಿದೆ. ಕೀ ತಿರುಗಿಸಿದೆ. ಒಂದೇ ಏಟು.

ಭಾವನಿಗೆ ನಾಲ್ಕು ಗಂಟೆಯ ಬದಲು ಎರಡೇ ಗಂಟೆ ಯಂತ್ರ ಸಿಕ್ಕಿತು. ಅವರು ಒಳಗಿದ್ದಾಗ ನಾನೇ ಗಾಡಿ ತೆಗೆದುಕೊಂಡು ಹೆದ್ದಾರಿಯಲ್ಲಿ ಐವತ್ತು ನಿಮಿಷ ಓಡಿಸಿದೆ, ಪೆಡಲ್ ನೆಲಕ್ಕೆ ಒತ್ತಿ. ಬಾಣದ ಹಾಗೆ ಹೋಯಿತು. ಅಲ್ಲಿಗೆ ನನ್ನ ಮಟ್ಟಿಗೆ ಮುಗಿಯಿತು. ಇಂಧನ ಸರಿ, ಫಿಲ್ಟರ್ ಸರಿ, ಗಾಳಿ ಸೋರಿಕೆ ಇಲ್ಲ, ಪಂಪು ಸರಿ. ಉಳಿದದ್ದು ಓಡಿಸುವವರು.

ಸಂಜೆ ಎಲ್ಲರೂ ಕೂತಿದ್ದಾಗ ಹೇಳಿದೆ. "ಗಾಡೀಲಿ ಏನೂ ಇಲ್ಲ. ಅಕ್ಕ ಗಾಬರಿಯಾಗಿ ಪೆಡಲ್ ಮೇಲೆ ಪೆಡಲ್ ತುಳೀತಾಳೆ, ಆಫ್ ಆಗುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅಕ್ಕನ ಮಗ ನಕ್ಕ. ನನ್ನ ಹೆಂಡತಿಯೂ ನಕ್ಕಳು. ಭಾವ ನಗಲಿಲ್ಲ. ಅಕ್ಕ ಕೀ ತಂದು ಮೇಜಿನ ಮೇಲೆ ಇಟ್ಟು, "ಯಾರಿಗೆ ಕಾಫಿ, ಯಾರಿಗೆ ಟೀ?" ಅಂತ ಕೇಳಿದಳು.

ರೋಗ ಸಿಕ್ಕಿತು ಅಂತಲೇ ಲೆಕ್ಕ. ಪುಸ್ತಕ ಮುಚ್ಚಬಹುದು.

ಮಾರ್ಚ್ ೧೨, ಗುರುವಾರ

ಬಾಡಿಗೆ ಡ್ರೈವರ್ ಅಕ್ಕನ ಗಾಡಿಯಲ್ಲೇ ಭಾವನನ್ನು ಕರೆದುಕೊಂಡು ಹೋದ. ಗಾಡಿ ನಿಲ್ಲಲಿಲ್ಲ. "ನೋಡಿದ್ರಾ ಮಾವ," ಅಂತ ಅಕ್ಕನ ಮಗನ ಫೋನ್.

ನೋಡಿದೆ.

ಮಾರ್ಚ್ ೧೫, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ನೆಗಡಿ ಶುರುವಾಗಿದೆ.

ಅಕ್ಕನ ಮನೆಗೆ ಹೋಗಿದ್ದೆ, ಸುಮ್ಮನೆ. ಒಲೆಯ ಪಕ್ಕ ಗೋಡೆಗೆ ಒಂದು ಕಾಗದ ಅಂಟಿಸಿದ್ದಾಳೆ. "ಗ್ಯಾಸ್ ಆಫ್" ಅಂತ ಬರೆದು ಕೆಳಗೆ ಸಾಲಾಗಿ ಗೀಟುಗಳು, ಒಂದೊಂದು ಸಲ ಆರಿಸಿದಾಗ ಒಂದು ಗೀಟು. ಮುಂಬಾಗಿಲಿಗೆ ಇನ್ನೊಂದು ಕಾಗದ: "ಕೀ, ಕನ್ನಡಕ, ಫೋನ್." ನಾನು ಇದ್ದ ಅರ್ಧ ಗಂಟೆಯಲ್ಲಿ ಮೂರು ಸಲ ಎದ್ದು ಹೋಗಿ ಒಲೆ ನೋಡಿ ಬಂದಳು. ಮೂರನೇ ಸಲ ಒಲೆ ಹಚ್ಚಿಯೇ ಇರಲಿಲ್ಲ.

ಮಾತಾಡಿದ್ದು ಕಮ್ಮಿ. ಮೊದಲೆಲ್ಲ ನನ್ನನ್ನು ಕಂಡರೆ ಕಾಲೆಳೆಯದೆ ಬಿಡುತ್ತಿರಲಿಲ್ಲ. ಇವತ್ತು "ಮುಂದಿನ ವಾರ ಮಳೆ ಬರಬಹುದಾ?" ಅಂತ ಕೇಳಿದಳು, ದೂರದ ನೆಂಟರನ್ನು ಕೇಳುವ ಹಾಗೆ. ಇದನ್ನು ಯಾಕೆ ಬರೆದೆನೋ, ಗಾಡಿಗೆ ಸಂಬಂಧವಿಲ್ಲ.

ಮಾರ್ಚ್ ೧೭, ಮಂಗಳವಾರ

ಬೆಳಿಗ್ಗೆ ಬಾಡಿಗೆ ಡ್ರೈವರ್ ಬರಲಾಗುವುದಿಲ್ಲ ಅಂತ ಹೇಳಿದ. ಅಕ್ಕ ಕೀ ಮುಟ್ಟಲು ತಯಾರಿಲ್ಲ. ನಾನೇ ಹೋದೆ. ಟ್ಯಾಂಕನ್ನು ನಿನ್ನೆ ಸಂಜೆಯೇ ಡ್ರೈವರ್ ಫುಲ್ ಮಾಡಿಸಿಟ್ಟಿದ್ದ. ನೆಗಡಿಗೆ ನನ್ನ ಮೂಗು ಎರಡೂ ಕಡೆ ಕಟ್ಟಿತ್ತು. ಮೂಸಿ ಏನು ಪ್ರಯೋಜನ ಅಂತ ಮೂಸದೆ ಹೊರಟೆ.

ಸೇತುವೆ ದಾಟಿದೆವು. ಮೂವತ್ತಾರನೇ ನಿಮಿಷಕ್ಕೆ ಎಳೆತ ಹೋಯಿತು. ಒಂದು ಸಲ ನಡುಗಿತು. ಎರಡು ಸಲ ನಡುಗಿತು. ನಿಂತಿತು.

ಕ್ಲಚ್ ಮೇಲೆ ನನ್ನ ಕಾಲು ಇರಲಿಲ್ಲ.

ಕೀ ತಿರುಗಿಸಿದೆ. ಹತ್ತಲಿಲ್ಲ. ಹತ್ತು ಸಲ ತಿರುಗಿಸಿದೆ, ಎಣಿಸಿದ್ದೇನೆ. ಬಾನೆಟ್ ಎತ್ತಿದೆ. ಡೀಸೆಲನ್ನು ಕೈಯಲ್ಲಿ ಒತ್ತಿ ಎಳೆಯುವ ರಬ್ಬರ್ ಬುರುಡೆ ಚಪ್ಪಟೆಯಾಗಿ ಅಂಟಿಕೊಂಡಿತ್ತು, ಒತ್ತಿದರೆ ಮೇಲೇಳುತ್ತಿಲ್ಲ. ಅಂದರೆ ಎಂಜಿನ್ ಎಳೆಯುತ್ತಿದೆ, ಟ್ಯಾಂಕ್ ಬಿಡುತ್ತಿಲ್ಲ. ಪೈಪ್ ಕಟ್ಟಿದೆಯೇನೋ ಅಂತ ನೆಲದ ಮೇಲೆ ಮಲಗಿ ನೋಡಿದೆ. ಬಿಸಿಲು, ಸೀನು, ಮೈಯೆಲ್ಲ ಮಣ್ಣು. ಹತ್ತಕ್ಕೆ ಹದಿನಾಲ್ಕು ನಿಮಿಷ ಇತ್ತು.

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನೀನು ಬಂದಾಗಲೆಲ್ಲ ಮೊದಲು ಅದರ ಮುಚ್ಚಳ ತೆಗೆದು ಮೂಸ್ತೀಯಲ್ಲ. ಇವತ್ತು ಯಾಕೆ ಮೂಸಲಿಲ್ಲ?"

"ನೆಗಡಿ ಭಾವ. ವಾಸನೆ ಬರಲ್ಲ."

"ಬರದಿದ್ರೂ ಮೂಸು. ನೀನು ಮೂಸಿದ್ರೆ ತಾನೇ ಅದು ಹತ್ತೋದು."

ತಮಾಷೆಗೆ ಹೇಳಿದರೋ, ಕಂಡು ಹೇಳಿದರೋ, ಇನ್ನೂ ಗೊತ್ತಿಲ್ಲ. ಬೀಗ ತೆಗೆದು ಮುಚ್ಚಳ ತಿರುಗಿಸಿದೆ. ಸ್ಸ್ಸ್ ಅಂತ ಟ್ಯಾಂಕು ಗಾಳಿ ಒಳಗೆಳೆದುಕೊಂಡಿತು. ಎಷ್ಟು ಹೊತ್ತು ಎಳೆಯಿತೆಂದರೆ ನಾನು ಕೈಯಲ್ಲಿ ಮುಚ್ಚಳ ಹಿಡಿದು ನಿಂತೇ ಇದ್ದೆ. ಕೀ ತಿರುಗಿಸಿದೆ. ಒಂದೇ ಏಟು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬರಲ್ಲ, ಗಾಳಿಗೆ ಎರಡನೇ ತೂತು ಬೇಕು. ಅಡಿಗೆಮನೆ ಕಂಡವರಿಗೆಲ್ಲ ಗೊತ್ತಿರುವ ವಿಷಯ. ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಈ ಮುಚ್ಚಳದಲ್ಲಿ ಗಾಳಿಗೆ ದಾರಿಯೇ ಇಲ್ಲ. ಅರ್ಧ ಟ್ಯಾಂಕ್ ಇದ್ದರೆ ಉಳಿದ ಅರ್ಧ ಗಾಳಿ, ಅದು ಹಿಗ್ಗಿಕೊಂಡು ಹೇಗೋ ನಡೆಸುತ್ತೆ. ಟ್ಯಾಂಕ್ ಫುಲ್ ಇದ್ದರೆ ಹಿಗ್ಗಲು ಗಾಳಿಯೇ ಇಲ್ಲ, ಅರ್ಧ ಗಂಟೆಯಲ್ಲಿ ಉಸಿರು ಕಟ್ಟುತ್ತೆ. ಪ್ರತಿ ಸಲ ನಾನು ಹೋಗಿ ಮೂಸಲೆಂದು ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿ ರೋಗ ಮಾಯ. ಮೂವತ್ತೊಂದು ವರ್ಷದ ಪದ್ಧತಿ. ರಸ್ತೆ ಬದಿಯ ಲಾರಿಗಳ ಸದ್ದಿಗೆ ಆ ಸ್ಸ್ಸ್ ನನಗೆ ಕೇಳಿಸಿರಲಿಲ್ಲ, ಅಥವಾ ನಾನು ಮೂಗನ್ನಷ್ಟೇ ನಂಬಿ ಕಿವಿ ಕೊಟ್ಟಿರಲಿಲ್ಲ.

ಆಸ್ಪತ್ರೆ ಗೇಟಿನ ಹತ್ತಿರ ಭಾವ ಅಂದರು, "ಅವಳು ಹೇಳಿದ್ಲಲ್ಲ, ಟ್ಯಾಂಕ್ ಫುಲ್ ಇದ್ದಾಗ ಅಂತ."

"ಹೌದು ಭಾವ."

"ನಾನು ಏನೂ ಹೇಳೋಕೆ ಹೋಗಲ್ಲ. ಹೇಳಬೇಕಾದೋನು ನೀನು."

ಮಾರ್ಚ್ ೧೮, ಬುಧವಾರ

ಕೆಲಸದ ಪುಸ್ತಕ ತೆಗೆದು ನೋಡಿದೆ. ಫೆಬ್ರವರಿಯಲ್ಲಿ ಅಕ್ಕನ ಗಾಡಿಯಿಂದ ಯಾರೋ ಡೀಸೆಲ್ ಕದ್ದಿದ್ದರು. ಫೆಬ್ರವರಿ ಇಪ್ಪತ್ತೊಂದು, ಗಿರಾಕಿಗಳ ಲೆಕ್ಕದ ಅಂಚಿನಲ್ಲಿ ಗೀಚಿದ್ದು, ನನ್ನದೇ ಅಕ್ಷರ: "ಅಕ್ಕನ ಗಾಡಿ, ಬೀಗದ ಮುಚ್ಚಳ ಹಾಕಿಕೊಟ್ಟೆ." ನನ್ನ ಕಪಾಟಿನಲ್ಲಿ ಬಿದ್ದಿದ್ದ ಮುಚ್ಚಳ, ಬೇರೆ ಜಾತಿಯ ಕಾರಿನದ್ದು. ಆ ಕಾರಿಗೆ ಗಾಳಿ ಇನ್ನೊಂದು ಪೈಪಿನಿಂದ ಬರುತ್ತೆ. ಕೂತುಕೊಂಡಿತಲ್ಲ ಅಂತ ಹಾಕಿದ್ದೆ. ಮೂರು ದಿನಕ್ಕೆ ಗಾಡಿ ಮೊದಲ ಸಲ ನಿಂತಿದೆ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಇಲ್ಲಿ ದೀಪವೇ ಕತ್ತಲು.

ಮುಚ್ಚಳಕ್ಕೆ ಸಣ್ಣ ಡ್ರಿಲ್ಲಿನಿಂದ ತೂತು ಮಾಡಿದೆ. ಒಂದು ನಿಮಿಷದ ಕೆಲಸ.

ಪಂಪಿನವನಿಗೆ ಹೇಳಿದೆ. ಅವನು ನಕ್ಕು ನಕ್ಕು ಸುಸ್ತಾಗಿ, "ಪಂಪಲ್ಲ ಅಂತ ನಾನು ಹೇಳಿರಲಿಲ್ವಾ?" ಅಂದ. ಆಮೇಲೆ ದನಿ ತಗ್ಗಿಸಿ, "ಪೈಪಲ್ಲಿ ಕಸ ಇತ್ತು, ತೆಗೆದೆ ಅಂತ ಹೇಳಿಬಿಡು. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲ್ಲ," ಅಂದ.

ಇಡೀ ಮಧ್ಯಾಹ್ನ ಆ ಮಾತನ್ನೇ ಬಾಯಲ್ಲಿ ಹೊರಳಿಸಿದೆ. ಪೈಪಲ್ಲಿ ಕಸ ಇತ್ತು. ಸಣ್ಣ ಕಸ. ಚೆನ್ನಾಗಿಯೇ ಕೇಳುತ್ತೆ.

ಮಾರ್ಚ್ ೧೯, ಗುರುವಾರ

ಹೋಗಲಿಲ್ಲ. ನೆಗಡಿ ಇತ್ತು.

ಮಾರ್ಚ್ ೨೦, ಶುಕ್ರವಾರ

ನೆಗಡಿ ನಿನ್ನೆಯೇ ಬಿಟ್ಟಿತ್ತು. ಇವತ್ತು ಹೋದೆ.

ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಗಾಡಿಯಿಂದ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದೇ ಹೋಗಿದ್ದೆ. ಎಲ್ಲ ಹೇಳಿದೆ. ಮುಚ್ಚಳ ಹಾಕಿದ್ದು ನಾನು, ಪ್ರತಿ ಸಲ ತೆಗೆದು ರೋಗ ಮುಚ್ಚಿದ್ದು ನಾನು, ನೀನು ಟ್ಯಾಂಕ್ ಫುಲ್ ಅಂದಾಗ ನಕ್ಕಿದ್ದು ನಾನು. ಅವಳು ಬಟ್ಟೆಗೆ ಕ್ಲಿಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ.

ಬುಟ್ಟಿ ಖಾಲಿಯಾದ ಮೇಲೆ ಮೆಟ್ಟಿಲ ಮೇಲೆ ಕೂತಳು. "ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ," ಅಂದಳು. "ನೀನು ಹೇಳಿದೆ. ನಿನ್ನ ಬಾಯಲ್ಲಿ ಬಂತು ಅಂದ್ಮೇಲೆ ನಿಜವೇ ಅಂದ್ಕೊಂಡೆ. ನನ್ನ ತಲೆ ಕೆಡ್ತಾ ಇದೆ ಅಂತ ನಾನೇ ನಂಬಿಬಿಟ್ಟೆ ಕಣೋ. ಒಲೆ ಹತ್ರ ಹೋಗೋಕೂ ಹೆದರಿಕೆ. ಇನ್ನು ಸ್ವಲ್ಪ ದಿನಕ್ಕೆ ನಿಮ್ಮ ಭಾವನ ಮುಖವೂ ಮರೆಯುತ್ತೇನೋ ಅಂತ ಅವರು ಮಲಗಿದ್ದಾಗ ನೋಡ್ತಾ ಕೂರ್ತಿದ್ದೆ."

ನನಗೆ ಅಳು ಬಂತು. ಐವತ್ತಾರು ವರ್ಷದವನು, ಒಗೆದ ಬಟ್ಟೆಗಳ ನಡುವೆ ನಿಂತು ಅತ್ತೆ. ಅಕ್ಕ ಸಮಾಧಾನ ಮಾಡಲಿಲ್ಲ. ಮಾಡದೇ ಇದ್ದದ್ದೇ ಸರಿ.

"ನಂಗೊಬ್ಬಳಿಗೆ ಹೇಳಿದ್ರೆ ಆಗಲ್ಲ," ಅಂದಳು. "ಅವತ್ತು ಯಾರ್ಯಾರು ನಕ್ಕರೋ, ಅವರೆಲ್ಲರ ಮುಂದೆ ಹೇಳು."

ಮಾರ್ಚ್ ೨೧, ಶನಿವಾರ

ಹೇಳಿದೆ. ಅದೇ ಕೋಣೆ, ಅದೇ ಜನ. ಮುಚ್ಚಳವನ್ನು ಮೇಜಿನ ಮೇಲಿಟ್ಟು, "ಅಕ್ಕನಲ್ಲಿ ಏನೂ ಇಲ್ಲ. ಕೆಟ್ಟದ್ದು ನಾನು ಹಾಕಿದ ಸಾಮಾನು, ಕೆಡಿಸಿದ್ದು ನನ್ನ ಮಾತು," ಅಂದೆ. ಈ ಸಲ ಯಾರೂ ನಗಲಿಲ್ಲ. ಅಕ್ಕನ ಮಗ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಇಣುಕಿ ನೋಡಿದ. ಆಮೇಲೆ ಎದ್ದು ಅಡಿಗೆಮನೆಗೆ ಹೋಗಿ ಗೋಡೆಯ ಕಾಗದ ಕೀಳಲು ಶುರುಮಾಡಿದ.

"ಇರಲಿ ಬಿಡು," ಅಂದಳು ಅಕ್ಕ. "ಗ್ಯಾಸ್ ಮರೆತದ್ದು ನಾನೇ. ಅದಕ್ಕೂ ಪುಟ್ಟನೇ ಕಾರಣ ಅಂದ್ರೆ ಪಾಪ, ಅವನು ಸತ್ತೇ ಹೋಗ್ತಾನೆ."

ಮನೆಗೆ ಬಂದ ಮೇಲೆ ಎರಡು ತಟ್ಟೆ ಊಟ ಮಾಡಿದೆ.

ಮಾರ್ಚ್ ೨೪, ಮಂಗಳವಾರ

ಅಕ್ಕ ಓಡಿಸಿದಳು. ಟ್ಯಾಂಕ್ ಫುಲ್. ನಾನು ಹಿಂದೆ ಕೂತೆ. ಪಕ್ಕದಲ್ಲಿ ಕೂತು ತನ್ನ ಕಾಲು ನೋಡಬಾರದು ಅಂತ ಅಪ್ಪಣೆಯಾಗಿತ್ತು. ಭಾವ ಮುಂದೆ, ಮಡಿಲಲ್ಲಿ ಟವೆಲ್ಲು, ನೀರಿನ ಬಾಟಲಿ.

ಸೇತುವೆಯವರೆಗೆ ಮಾತಾಡುತ್ತಲೇ ಬಂದಳು. ಪಕ್ಕದ ಮನೆಯವರ ನಾಯಿ, ಆಸ್ಪತ್ರೆಯ ದಪ್ಪ ನರ್ಸು, ನನ್ನ ಹೊಟ್ಟೆ. ಸೇತುವೆ ದಾಟಿದ ಮೇಲೆ ಮಾತು ನಿಂತಿತು. ಗಡಿಯಾರ ನೋಡಿದೆ, ಮೂವತ್ತೈದು ನಿಮಿಷ. ಎಂಬತ್ತರಲ್ಲಿದ್ದ ಗಾಡಿ ಅರವತ್ತಕ್ಕೆ ಬಂತು. ಐವತ್ತು. ನಲವತ್ತು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ. ಕಿವಿ ಕೊಟ್ಟು ಕೇಳಿದೆ. ಎಂಜಿನ್ ಸದ್ದು ಒಂದೇ ಸಮ, ನಡುಕವಿಲ್ಲ, ಎಳೆತಕ್ಕೆ ಕೊರತೆಯಿಲ್ಲ. ಗಾಡಿ ಹೋಗಲು ತಯಾರಿತ್ತು. ಅಕ್ಕನ ಕಾಲು ತಾನಾಗಿ ಪೆಡಲಿನಿಂದ ಮೇಲೆ ಬಂದಿತ್ತು. ಮುಚ್ಚಳಕ್ಕೆ ತೂತು ಕೊರೆಯಲು ಒಂದು ನಿಮಿಷ ಸಾಕಾಗಿತ್ತು. ಇದಕ್ಕೆ ಎಷ್ಟು ಮಂಗಳವಾರ ಬೇಕೋ ನನಗೆ ಗೊತ್ತಿಲ್ಲ.

ಭಾವ ನೀರಿನ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಈಗ ಹೇಳು. ಗಾಡಿನಾ, ನಾನಾ?"

"ನಾನು, ಅಕ್ಕ," ಅಂದೆ.

"ಗೊತ್ತಿದೆ ಅಲ್ವಾ? ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ."

ಗೇರ್ ಇಳಿಸಿ ಪೆಡಲ್ ಒತ್ತಿದಳು. ಲಾರಿಯವನು ನಮ್ಮನ್ನು ದಾಟಿ ಹೋಗಿ ಆಗಿತ್ತು. ಅವನ ಹಿಂದೆಯೇ ಹೋದೆವು. ಹತ್ತಕ್ಕೆ ನಾಲ್ಕು ನಿಮಿಷ ಇರುವಾಗ ಆಸ್ಪತ್ರೆ ಗೇಟು ಬಂತು. ಅವಳು ಗಾಡಿ ನಿಲ್ಲಿಸುವವರೆಗೂ ನಾನು ಬಾಯಿ ಬಿಡಲಿಲ್ಲ.